ಅರಿವಳಿಕೆ ಮದ್ದಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ಇವತ್ತಿನ ಮಾತು ಒಂದು ಪುಟ್ಟ ಸೀಸೆಯ ಬಗ್ಗೆ. ಚಿರತೆ ಊರಿಗೆ ಬಂತು, ಆನೆ ತೋಟಕ್ಕೆ ನುಗ್ಗಿತು ಅಂದ ಕೂಡಲೇ ನಾವೆಲ್ಲ ಹೇಳೋ ಮಾತು ಒಂದೇ: "ಇಂಜೆಕ್ಷನ್ ಹೊಡೆದು ಹಿಡೀರಿ". ಆ ಇಂಜೆಕ್ಷನ್‌ನಲ್ಲಿ ಏನಿರುತ್ತೆ, ಅದು ಎಲ್ಲಿಂದ ಬರುತ್ತೆ, ಅದರ ಲೆಕ್ಕ ಯಾರು ಇಡ್ತಾರೆ? ಇದನ್ನು ಕೇಳೋರು ಕಡಿಮೆ. ಅದನ್ನೇ ಇವತ್ತು ಕೇಳೋಣ.

ಒಂದು ಊಹೆ ಮಾಡ್ಕೊಳ್ಳಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗೋ ದಾರಿಯಲ್ಲಿ ಬಾತಿ ಸಿಗುತ್ತಲ್ಲ, ಆ ಗುಡ್ಡದ ಕಡೆಯಿಂದ ರಾತ್ರಿ ಒಂದು ಚಿರತೆ ಇಳಿದು ಯಾರದೋ ದನದ ಕೊಟ್ಟಿಗೆ ಸೇರಿತು ಅಂತಿಟ್ಕೊಳ್ಳಿ. ಬೆಳಗಾಗೋ ಹೊತ್ತಿಗೆ ಊರೆಲ್ಲ ಸೇರಿದೆ. "ಒಳಗೇ ಐತ್ರಿ, ಲಗೂನ ಬರ‍್ರಿ" ಅಂತ ಅರಣ್ಯ ಇಲಾಖೆಗೆ ಫೋನು ಹೋಗಿದೆ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಗದ್ದೆ, ನಡುವೆ ಜನ. ಮದ್ದು, ಡಾರ್ಟ್ ಗನ್, ಅದನ್ನು ಬಳಸಬಲ್ಲ ವೈದ್ಯರು, ಮೂರೂ ಶಿವಮೊಗ್ಗದ ಕಡೆಯಿಂದ ಬರಬೇಕು ಅಂತಾದರೆ? ಹೊನ್ನಾಳಿ ದಾಟಿ ಬರೋದಕ್ಕೆ ಕನಿಷ್ಠ ಎರಡು ಗಂಟೆ. ಅಷ್ಟರಲ್ಲಿ ಚಿರತೆಯೋ, ಜನರೋ, ಯಾರೋ ಒಬ್ಬರು ತಾಳ್ಮೆ ಕಳ್ಕೊಂಡಿರ್ತಾರೆ.

ಇದು ಊಹೆ. ಆದರೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆದದ್ದೂ ಇದೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ ಕಾಡಾನೆ ದಾಳಿಗೆ ಒಬ್ಬ ಹುಡುಗಿ ಬಲಿಯಾದಳು. ಆ ಆನೆಯನ್ನು ಅರಿವಳಿಕೆ ಕೊಟ್ಟು ಹಿಡಿಯೋ ಕಾರ್ಯಾಚರಣೆ ಶುರುವಾಯ್ತು. ಅದೇ ಕಾರ್ಯಾಚರಣೆಯಲ್ಲಿ ಸಕ್ರೆಬೈಲು ಆನೆ ಬಿಡಾರದ ವೈದ್ಯ ಡಾ. ವಿನಯ್ ಅವರ ಮೇಲೆ ಆನೆ ತಿರುಗಿಬಿದ್ದು, ಅವರು ತೀವ್ರವಾಗಿ ಗಾಯಗೊಂಡರು. ಅದೇ ವರ್ಷ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ 'ಭೀಮ' ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡಬೇಕಿತ್ತು. ಡಾರ್ಟ್ ಹೊಡೆಯಲು ಹೋದವರು 'ಆನೆ ವೆಂಕಟೇಶ್' ಅಂತಲೇ ಹೆಸರಾಗಿದ್ದ ನುರಿತ ಗುರಿಕಾರ. ಆನೆ ಅಟ್ಟಿಸಿಕೊಂಡು ಬಂತು, ಅವರು ಜೀವ ಕಳೆದುಕೊಂಡರು. ಡಿಸೆಂಬರ್ 4ಕ್ಕೆ ಸಕಲೇಶಪುರದ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆ. ಅಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತಿದ್ದು ಎಂಟು ಬಾರಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ.

ಒಂದೇ ವರ್ಷ, ಮೂರು ಘಟನೆ. ಹಾಗಾಗಿ "ಇಂಜೆಕ್ಷನ್ ಹೊಡೆದು ಹಿಡೀರಿ" ಅನ್ನೋದು ನಾವು ಅಂದುಕೊಂಡಷ್ಟು ಸಲೀಸಲ್ಲ.

ಯಾಕೆ ಸಲೀಸಲ್ಲ? ಸಿನಿಮಾದಲ್ಲಿ ಡಾರ್ಟ್ ಬಿದ್ದ ಕ್ಷಣ ಪ್ರಾಣಿ ದೊಪ್ಪನೆ ಬೀಳುತ್ತೆ. ನಿಜದಲ್ಲಿ ಮದ್ದು ಮಾಂಸಖಂಡದಿಂದ ರಕ್ತಕ್ಕೆ ಸೇರಿ, ಮೆದುಳಿಗೆ ಏರಬೇಕು. ಅದಕ್ಕೆ ಐದು, ಹತ್ತು, ಕೆಲವು ಸಲ ಹದಿನೈದು ನಿಮಿಷಕ್ಕೂ ಮೇಲೆ ಬೇಕು. ಆ ನಿಮಿಷಗಳಲ್ಲಿ ಪ್ರಾಣಿ ಎಚ್ಚರವಾಗೇ ಇರುತ್ತೆ, ಜೊತೆಗೆ ಸೂಜಿ ಚುಚ್ಚಿದ ಸಿಟ್ಟು ಬೇರೆ. ಗಾಬರಿಯಾದ ಪ್ರಾಣಿಗೆ ಮದ್ದು ಹತ್ತೋದು ಇನ್ನೂ ತಡ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದ ವಿಡಿಯೊ ನೀವೆಲ್ಲ ನೋಡಿರ್ತೀರಿ. ಇಡೀ ದಿನ ಒದ್ದಾಡಿ, ಅದನ್ನು ಸೆರೆ ಹಿಡಿಯೋ ಹೊತ್ತಿಗೆ ರಾತ್ರಿಯಾಗಿತ್ತು. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಸೇರಿದಂತೆ ಹಲವರು ಗಾಯಗೊಂಡಿದ್ದರು.

ಇನ್ನು ಡೋಸು. ನಿಮ್ಮ ಮನೆ ನಾಯಿಗಾದರೆ ತಕ್ಕಡಿ ಮೇಲೆ ನಿಲ್ಲಿಸಿ ತೂಕ ನೋಡಬಹುದು. ಕಾಡಾನೆಗೆ? ವೈದ್ಯರು ದೂರದಿಂದಲೇ ಕಣ್ಣಂದಾಜಿನಲ್ಲಿ ತೂಕ ಹೇಳಬೇಕು. ಕಡಿಮೆಯಾದರೆ ಅರೆಬರೆ ಅಮಲಿನ ಪ್ರಾಣಿ ಮೇಲೆ ಬೀಳುತ್ತೆ. ಹೆಚ್ಚಾದರೆ ಉಸಿರೇ ನಿಲ್ಲಬಹುದು. ಮೈ ಬಿಸಿ ಏರಬಹುದು, ಹೊಟ್ಟೆ ಉಬ್ಬಬಹುದು, ನೀರಿನ ಹತ್ತಿರ ಬಿದ್ದರೆ ಮುಳುಗಬಹುದು.

ಈಗ ಸೀಸೆಗೆ ಬರೋಣ. ನಮ್ಮಲ್ಲಿ ಹೆಚ್ಚಾಗಿ ಬಳಸೋದು ಎರಡು ಮದ್ದು: ಜೈಲಜಿನ್ ಮತ್ತು ಕೆಟಮಿನ್. ಎರಡನ್ನೂ ಸೇರಿಸಿ ಮಾಡೋ ಒಂದು ಮಿಶ್ರಣಕ್ಕೆ ಜರ್ಮನಿಯ ಮ್ಯೂನಿಕ್ ನಗರದ ಮೃಗಾಲಯದ ಹೆಸರಿದೆ, 'ಹೆಲಾಬ್ರುನ್ ಮಿಶ್ರಣ' ಅಂತ. ಒಂದು ಮಿಲಿ ಲೀಟರಿನಲ್ಲಿ 125 ಮಿಲಿಗ್ರಾಂ ಜೈಲಜಿನ್, 100 ಮಿಲಿಗ್ರಾಂ ಕೆಟಮಿನ್. ಮೂರನೇದು ಎಟಾರ್ಫಿನ್. ಆನೆ, ಘೇಂಡಾಮೃಗದಂಥ ದೊಡ್ಡ ಪ್ರಾಣಿಗಳಿಗೆ ಜಗತ್ತಿನಾದ್ಯಂತ ಬಳಸ್ತಾರೆ. ಅದು ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಕೈ ಜಾರಿ ಸೂಜಿ ತಾಗಿದರೆ ವೈದ್ಯರ ಪ್ರಾಣಕ್ಕೇ ಕುತ್ತು. ಅದಕ್ಕೇ ಪ್ರತಿಮದ್ದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಅದರ ಸೀಸೆ ಮುಟ್ಟಬಾರದು ಅನ್ನೋದು ಈ ವೃತ್ತಿಯ ಮೊದಲ ಪಾಠ.

ಇವೇ ಮದ್ದುಗಳಿಗೆ ಇನ್ನೊಂದು ಮುಖವೂ ಇದೆ. ಕೆಟಮಿನ್ ಪಾರ್ಟಿಗಳಲ್ಲಿ ಓಡಾಡೋ ನಶೆ. ಜೈಲಜಿನ್ ಮನುಷ್ಯರ ಬಳಕೆಗೆ ಒಪ್ಪಿಗೆಯೇ ಇಲ್ಲದ ಮದ್ದು. ಆದರೂ ಅಮೆರಿಕದಲ್ಲಿ ಅದನ್ನು ಫೆಂಟನಿಲ್ ಜೊತೆ ಬೆರೆಸಿ ಮಾರೋದಕ್ಕೆ ಶುರು ಮಾಡಿದರು. ಚರ್ಮ ಕೊಳೆತು ಹೋಗೋವಂಥ ಹುಣ್ಣುಗಳಾದವು. 2023ರ ಏಪ್ರಿಲ್‌ನಲ್ಲಿ ಶ್ವೇತಭವನ ಆ ಮಿಶ್ರಣವನ್ನು 'ತಲೆಯೆತ್ತುತ್ತಿರುವ ಅಪಾಯ' ಅಂತಲೇ ಘೋಷಿಸಿತು.

ಹಾಗಾದರೆ ಬಿಗಿ ಮಾಡಲೇಬೇಕಲ್ವಾ? ಹೌದು, ಮಾಡಿದ್ದೂ ಇದೆ. ಭಾರತದಲ್ಲಿ 2011ರಲ್ಲಿ ಕೆಟಮಿನ್ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿತು. 2013ರಲ್ಲಿ ಔಷಧ ನಿಯಮಗಳ 'ಶೆಡ್ಯೂಲ್ ಎಕ್ಸ್'ಗೆ ಹೋಯಿತು. ಅಂದ್ರೆ ಮಾರೋ ಅಂಗಡಿಗೆ ಪ್ರತ್ಯೇಕ ಪರವಾನಗಿ, ಬೀಗ ಹಾಕಿದ ಕಪಾಟು, ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಎಟಾರ್ಫಿನ್ ಥರದ್ದನ್ನು ಹೊರದೇಶದಿಂದ ತರಿಸೋದಕ್ಕೆ ಗ್ವಾಲಿಯರ್‌ನಲ್ಲಿರೋ ಕೇಂದ್ರ ನಾರ್ಕೋಟಿಕ್ಸ್ ಆಯುಕ್ತರ ಅನುಮತಿ ಪತ್ರ ಬೇಕು. ಪ್ರಾಣಿ ಹಿಡಿಯೋದಕ್ಕೂ ಕಾನೂನಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದದೊಳಗೆ ಸೆರೆ ಹಿಡಿಯೋದೂ ಸೇರಿದೆ. ಆನೆ, ಚಿರತೆ, ಹುಲಿಯಂಥ ಪ್ರಾಣಿ ಜನರ ಜೀವಕ್ಕೆ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ, ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಹಿಡಿಯೋದಕ್ಕೆ, ಅರಿವಳಿಕೆ ಕೊಡೋದಕ್ಕೆ, ಬೇರೆ ಕಡೆ ಸಾಗಿಸೋದಕ್ಕೆ ಸಾಧ್ಯವೇ ಇಲ್ಲ ಅಂತಾದರೆ ಮಾತ್ರ ಕೊಲ್ಲೋ ಆದೇಶ.

ಇಲ್ಲೇ ನೋಡಿ ಗಂಟು ಇರೋದು. ಕೊಲ್ಲಬೇಡಿ, ಮೊದಲು ಅರಿವಳಿಕೆ ಕೊಟ್ಟು ನೋಡಿ ಅಂತ ಒಂದು ಕಾನೂನು ಹೇಳುತ್ತೆ. ಆ ಅರಿವಳಿಕೆಯನ್ನು ಸುಲಭಕ್ಕೆ ಕೈಗೆ ಕೊಡಬೇಡಿ ಅಂತ ಇನ್ನೊಂದು ಕಾನೂನು ಹೇಳುತ್ತೆ. ಎರಡೂ ಸರಿಯೇ. ಆದರೆ ಎರಡರ ನಡುವೆ ಸಿಕ್ಕಿಕೊಳ್ಳೋದು ಬೆಳಗಿನ ಜಾವ ಕೊಟ್ಟಿಗೆ ಮುಂದೆ ನಿಂತ ಫಾರೆಸ್ಟ್ ಗಾರ್ಡು.

ಬರೀ ಬಿಗಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ನೋವಿನ ಉದಾಹರಣೆ ಇದೆ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಉದ್ದೇಶ ಒಳ್ಳೇದೇ. ಆದರೆ ಕಾಗದ ಪತ್ರದ ರಗಳೆಗೂ ಜೈಲಿನ ಭಯಕ್ಕೂ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಕಡಿಮೆ ಮಾಡಿದವು. ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ನರಳಿದರು. ಅದನ್ನು ಸರಿಪಡಿಸೋ ತಿದ್ದುಪಡಿ ಬಂದದ್ದು 2014ರಲ್ಲಿ. ಬೀಗ ಹಾಕಿದ್ದು ಕಳ್ಳನಿಗೆ, ಹೊರಗೆ ಉಳಿದಿದ್ದು ರೋಗಿ.

ಕೆಟಮಿನ್ ವಿಷಯದಲ್ಲೂ ಇದೇ ಚರ್ಚೆ ನಡೆದಿದೆ. 2015ರಲ್ಲಿ ಚೀನಾ ಅದನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತರಬೇಕು ಅಂತ ವಿಶ್ವಸಂಸ್ಥೆಯಲ್ಲಿ ಕೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಲಹೆ ಬೇರೆಯಿತ್ತು. ಬಡ ದೇಶಗಳ ಹಳ್ಳಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಇದೇ ಆಧಾರ, ಕಟ್ಟಿಹಾಕಬೇಡಿ ಅಂದರು. ಇತ್ತ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ 2023ರಲ್ಲಿ ಜೈಲಜಿನ್ ಅನ್ನು ನಿಯಂತ್ರಿತ ಪಟ್ಟಿಗೆ ಸೇರಿಸಿತು, ಆದರೆ ಪಶುವೈದ್ಯರ ಬಳಕೆಗೆ ದಾರಿ ಬಿಟ್ಟೇ ಸೇರಿಸಿತು. ಬಿಗಿಯೂ ಇರಲಿ, ಬಾಗಿಲೂ ಇರಲಿ. ನಮಗೂ ಬೇಕಿರೋದು ಅದೇ.

ನನ್ನ ಪ್ರಕಾರ ನಾಲ್ಕು ಕೆಲಸ ಆಗಬೇಕು.

ಒಂದು, ಲೆಕ್ಕ ಮಿಲಿ ಲೀಟರಿನಲ್ಲಿ ಇರಬೇಕು. ಎಷ್ಟು ಸೀಸೆ ಬಂತು ಅನ್ನೋದಷ್ಟೇ ಸಾಲದು. ಎಷ್ಟು ಡಾರ್ಟ್ ತುಂಬಿದ್ರಿ, ಎಷ್ಟು ಹಾರಿಸಿದ್ರಿ, ಎಷ್ಟು ವಾಪಸ್ ಸಿಕ್ತು? ಗುರಿ ತಪ್ಪಿದ ಡಾರ್ಟು ಮದ್ದು ತುಂಬಿಕೊಂಡೇ ಕಬ್ಬಿನ ಗದ್ದೆಯಲ್ಲೋ ಅಡಿಕೆ ತೋಟದಲ್ಲೋ ಬಿದ್ದಿರುತ್ತೆ. ನಾಳೆ ಅದನ್ನು ಎತ್ತಿಕೊಳ್ಳೋದು ಆಡೋ ಮಗು. ತಪ್ಪಿದ ಡಾರ್ಟ್ ಸಿಗೋವರೆಗೂ ಕಾರ್ಯಾಚರಣೆ ಮುಗೀತು ಅಂತ ಬರೀಬಾರದು.

ಎರಡು, ಮದ್ದಿನ ಜೊತೆಗೇ ಪ್ರತಿಮದ್ದು. ಜೈಲಜಿನ್ ಅಮಲು ಇಳಿಸೋದಕ್ಕೆ ಯೋಹಿಂಬಿನ್, ಅಟಿಪಮೆಜೋಲ್ ಇವೆ. ಕೆಟಮಿನ್‌ಗೆ ಅಂಥ ನೇರ ಪ್ರತಿಮದ್ದಿಲ್ಲ, ಅದು ತಾನಾಗೇ ಇಳೀಬೇಕು. ಹಾಗಾಗಿ ಯಾವಾಗ ಏಳಿಸಬೇಕು ಅನ್ನೋ ಅಂದಾಜೂ ವೈದ್ಯರಿಗೇ ಗೊತ್ತಿರಬೇಕು. ಪ್ರತಿಮದ್ದು ಇಲ್ಲದ ಪೆಟ್ಟಿಗೆ ತೆರೆಯೋ ಹಾಗಿಲ್ಲ ಅನ್ನೋ ನಿಯಮ ಬೇಕು. ಮನುಷ್ಯರಿಗೆ ತಾಗಿದರೆ ಏನು ಮಾಡಬೇಕು ಅಂತ ಗೊತ್ತಿರೋ ಒಬ್ಬರು, ಒಂದು ಆಂಬುಲೆನ್ಸು ಸ್ಥಳದಲ್ಲಿರಬೇಕು.

ಮೂರು, ಕೈ ಯಾರದು ಅನ್ನೋದು. ನೋಂದಾಯಿತ ಪಶುವೈದ್ಯರಲ್ಲದವರು ಪಶುವೈದ್ಯಕೀಯ ಮಾಡಬಾರದು ಅಂತ 1984ರ ಕಾಯ್ದೆಯೇ ಹೇಳುತ್ತೆ. ಆದರೆ ಹಸು, ಎಮ್ಮೆ ನೋಡೋ ವೈದ್ಯರನ್ನು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಚಿರತೆ ಮುಂದೆ ನಿಲ್ಲಿಸೋದು ಅನ್ಯಾಯ. ವನ್ಯಜೀವಿ ಅರಿವಳಿಕೆಗೆ ಪ್ರತ್ಯೇಕ ತರಬೇತಿ, ಕಾಯಂ ಹುದ್ದೆ, ಒಳ್ಳೆ ವಿಮೆ ಬೇಕು. ಗುರಿ ಹಿಡಿಯೋ ಗುತ್ತಿಗೆ ನೌಕರನಿಗೂ ಸೇರಿ.

ನಾಲ್ಕು, ಹತ್ತಿರ. ನಿಯಂತ್ರಣ ಅಂದ್ರೆ ಮದ್ದನ್ನು ದೂರ ಇಡೋದಲ್ಲ. ಪ್ರತಿ ಜಿಲ್ಲೆಯಲ್ಲೂ ಒಂದು ಬೀಗದ ಪೆಟ್ಟಿಗೆ, ಇಬ್ಬರ ಸಹಿ ಇದ್ದರೆ ಮಾತ್ರ ತೆರೆಯೋದು, ಅವಧಿ ಮುಗಿದ ಸೀಸೆಗಳನ್ನು ಸಾಕ್ಷಿ ಮುಂದೆ ನಾಶ ಮಾಡೋದು. ಇಷ್ಟು ಮಾಡಿದರೆ ಕಳ್ಳತನಕ್ಕೂ ತಡೆ, ಬಾತಿಯ ಕೊಟ್ಟಿಗೆಗೂ ಬೇಗ ತಲುಪುತ್ತೆ.

"ಇದೆಲ್ಲ ಸರ್ಕಾರದ ಕೆಲಸ, ನಾವೇನ್ ಮಾಡೋಣ?" ಅಂತೀರಾ. ಎರಡು ಕೆಲಸ ನಿಮ್ಮ ಕೈಯಲ್ಲೇ ಇವೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ನಮ್ಮ ಜಿಲ್ಲೆಯಲ್ಲಿ ಅರಿವಳಿಕೆ ತರಬೇತಿ ಪಡೆದ ವೈದ್ಯರು ಎಷ್ಟು ಜನ? ಡಾರ್ಟ್ ಗನ್ ಇದೆಯಾ? ಪ್ರತಿಮದ್ದು ಸಾಕಷ್ಟಿದೆಯಾ? ದಾಸ್ತಾನು ಪುಸ್ತಕವನ್ನು ಕೊನೇ ಸಲ ಯಾವಾಗ ತಪಾಸಣೆ ಮಾಡಿದ್ರು?

ಇನ್ನೊಂದು ಕೆಲಸಕ್ಕೆ ಅರ್ಜಿಯೂ ಬೇಡ. ಚಿರತೆ ಬಂದಿದೆ ಅಂದಾಗ ಮೊಬೈಲ್ ಹಿಡ್ಕೊಂಡು ಓಡಬೇಡಿ. ಗಲಾಟೆ ಹೆಚ್ಚಾದಷ್ಟೂ ಪ್ರಾಣಿಯ ಗಾಬರಿ ಹೆಚ್ಚುತ್ತೆ, ಗಾಬರಿ ಹೆಚ್ಚಿದಷ್ಟೂ ಮದ್ದು ಹತ್ತೋದು ತಡ. ಆಗ ಎರಡನೇ ಡಾರ್ಟು, ಮೂರನೇ ಡಾರ್ಟು ಬೇಕಾಗುತ್ತೆ. ವೈದ್ಯರಿಗೂ ಅಪಾಯ, ಪ್ರಾಣಿಗೂ ಅಪಾಯ. ನಿಮ್ಮ ಹದಿನೈದು ಸೆಕೆಂಡಿನ ರೀಲ್ಸ್‌ಗಿಂತ ಅವರ ಹದಿನೈದು ನಿಮಿಷ ದೊಡ್ಡದು. ಮನೆಯೊಳಗಿರಿ, ಬಾಗಿಲು ಹಾಕಿ, 112ಕ್ಕೆ ಫೋನ್ ಮಾಡಿ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಇಂಥ ಕಾರ್ಯಾಚರಣೆ ನೋಡಿದ್ದರೆ ನಮಗೆ ಬರೆದು ಕಳಿಸಿ. ಮತ್ತೆ ಸಿಗೋಣ, ನಮಸ್ಕಾರ.