ನೆರೆಯ ಮಣ್ಣಿನ ಆಸರೆ



ಅಡಿಪಾಯವು ತನ್ನ ಕೆಳಗಿನ ಮಣ್ಣಿನಿಂದ ಮಾತ್ರವಲ್ಲ, ಪಕ್ಕದ ಮಣ್ಣಿನ ಆಸರೆಯಿಂದಲೂ ನಿಂತಿರುತ್ತದೆ. ನೆರೆಯವರು ಎಲ್ಲೆಯ ಬಳಿ ಅದಕ್ಕಿಂತ ಆಳವಾಗಿ ಅಗೆದರೆ ಆ ಆಸರೆ ತಪ್ಪುತ್ತದೆ. ನಮ್ಮ ಕಾಸರಗೋಡಿನಲ್ಲಿ ಮುರಕಲ್ಲಿನ ಅಡಿಯಿರುವ ಶೇಡಿ ಮಣ್ಣು ಬೇಸಗೆಯಲ್ಲಿ ಗಟ್ಟಿ. ಮಳೆನೀರು ಕುಡಿದರೆ ಕುಸಿಯುತ್ತದೆ. ಆದುದರಿಂದ ಅಗೆತವು ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಒಮ್ಮೆಲೇ ಉದ್ದಕ್ಕೂ ತೋಡದೆ, ತುಂಡುತುಂಡಾಗಿ ತೋಡಿ, ಹಲಗೆಯ ಆನಿಕೆ ಕೊಟ್ಟು, ಒಂದು ಭಾಗವನ್ನು ಕಟ್ಟಿದ ಬಳಿಕವೇ ಇನ್ನೊಂದಕ್ಕೆ ಕೈಹಚ್ಚಬೇಕು.

20 ವರ್ಷ ನಿರಾತಂಕವಾಗಿ ಪಡೆದ ಆಸರೆಯನ್ನು 1882ರ ಈಸ್‌ಮೆಂಟ್ ಕಾಯಿದೆಯು ಹಕ್ಕೆಂದು ಮನ್ನಿಸುತ್ತದೆ. ಆದರೆ ಗೋಡೆಯಡಿ ಸಿಲುಕಿದ ಮಗುವನ್ನು ಯಾವ ನ್ಯಾಯಾಲಯವೂ ಮರಳಿಸಲಾರದು. ಪೋಷಕರೇ, ನೆರೆಯವರು ಗುದ್ದಲಿ ಎತ್ತುವ ಮೊದಲೇ ಸ್ನೇಹದಿಂದ ಮಾತನಾಡೋಣ. ಮಕ್ಕಳೇ, ಶಾಲೆಯ ಗೋಡೆಯಲ್ಲಿ ಹೊಸ ಬಿರುಕು ಕಂಡೊಡನೆ ದೂರ ಸರಿದು ನಮಗೆ ತಿಳಿಸಿರಿ.