ವೈದ್ಯಶಾಲೆಯ ಸಂದರ್ಶನವೂ ಸಹಕಾರಧರ್ಮವೂ

(ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠದ ಆಶ್ರಯದಲ್ಲಿ ಉಂಡು ಓದಿ ಬೆಳೆದ ಮಕ್ಕಳು ವಿದ್ಯೆ ಮುಗಿದ ಬಳಿಕ ನಾನಾ ಉದ್ಯೋಗಗಳನ್ನು ಅರಸಿ ಹೋಗುವರು. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿಯೂ, ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಮಹಾವಿದ್ಯಾಲಯವು 1984ರಲ್ಲಿಯೂ ಸ್ಥಾಪಿತವಾದುವು. ಇಂತಹ ಸಂಸ್ಥೆಗಳ ದೆಸೆಯಿಂದ ಹಳ್ಳಿಯ ಮಕ್ಕಳಿಗೂ ವೈದ್ಯ, ದಾದಿ, ಔಷಧಿಗಾರ ಎಂಬ ಪದವಿಗಳು ಎಟುಕುವಂತಾಗಿವೆ. ಆದರೆ ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಪಡೆದ ತರುಣರೂ ಆಸ್ಪತ್ರೆಯ ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ತಡವರಿಸುವುದುಂಟು. ಅದು ಯಾವುದೆಂದರೆ, “ಜೊತೆಯಲ್ಲಿ ದುಡಿಯುವವರೊಡನೆ ಒಳ್ಳೆಯ ಸಂಬಂಧವನ್ನು ಹೇಗೆ ಬೆಳೆಸಿದಿರಿ? ಒಂದು ನಿದರ್ಶನ ಹೇಳಿರಿ” ಎಂಬುದು. ಈ ಪ್ರಶ್ನೆಯ ಮರ್ಮವನ್ನು ತಿಳಿಯುವುದೇ ಇಂದಿನ ವಿಷಯವಾಗಿದೆ.

ಸಾಮಾನ್ಯವಾಗಿ ಇದಕ್ಕೆ ಎರಡು ವಿಧದ ಉತ್ತರಗಳು ಬರುವುವು. ಒಬ್ಬನು, “ನಾನು ಎಲ್ಲರೊಡನೆಯೂ ಹೊಂದಿಕೊಳ್ಳುವವನು, ನನಗೆ ಯಾರೊಡನೆಯೂ ಮನಸ್ತಾಪವಿಲ್ಲ” ಎನ್ನುವನು. ಇನ್ನೊಬ್ಬನು ಹಿಂದಿನ ಸ್ಥಳದ ಮೇಲಧಿಕಾರಿಯ ದೋಷಗಳನ್ನು ಎಣಿಸತೊಡಗುವನು. ಮೊದಲನೆಯದು ಬರಿಯ ಆತ್ಮಸ್ತುತಿ, ಎರಡನೆಯದು ಪರನಿಂದೆ. ಎರಡರಲ್ಲಿಯೂ ಕೇಳಿದ ನಿದರ್ಶನವು ದೊರೆಯಲಿಲ್ಲ.

ಆಸ್ಪತ್ರೆಯವರು ಇದನ್ನು ಕೇಳುವುದಕ್ಕೆ ಕಾರಣವಿದೆ. ರೋಗಿಯು ಒಬ್ಬನ ಕೈಯಲ್ಲಿ ಗುಣವಾಗುವವನಲ್ಲ. ವೈದ್ಯನು ಬರೆದುದನ್ನು ಔಷಧಿಗಾರನು ಓದಬೇಕು. ಅವನು ಕೊಟ್ಟುದನ್ನು ದಾದಿಯು ಕೊಡಬೇಕು. ಹಗಲಿನ ದಾದಿಯು ರಾತ್ರಿಯವಳಿಗೆ ಒಪ್ಪಿಸಬೇಕು. ಈ ಸರಪಳಿಯ ಒಂದು ಕೊಂಡಿ ಸಡಿಲಿದರೂ ಪ್ರಾಣಕ್ಕೆ ಸಂಚಕಾರ. ಇನ್ಸುಲಿನ್ ಪ್ರಮಾಣವನ್ನು ಬರೆಯುವಾಗ ಅಂಕೆಯ ಮುಂದೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಹಾಕುವ ರೂಢಿಯಿತ್ತು. ಅವಸರದ ಬರವಣಿಗೆಯಲ್ಲಿ ಆ ಅಕ್ಷರವು ಸೊನ್ನೆಯಂತೆ ತೋರಿ, 10 ಎಂಬುದು 100 ಆಗಿ ಓದಲ್ಪಡುವ ಅಪಾಯವುಂಟು. ಆಗ ಸಂಶಯಪಟ್ಟ ದಾದಿಯು, “ಸ್ವಾಮೀ, ಇದು ಹತ್ತೋ ನೂರೋ?” ಎಂದು ಅಂಜದೆ ಕೇಳುವಂತಿದ್ದರೆ ರೋಗಿಯು ಉಳಿದನು, ಬೈಗಳಿಗೆ ಹೆದರಿ ಸುಮ್ಮನಾದರೆ ಅವನ ಗತಿಯೇನು? ಸಹೋದ್ಯೋಗಿಗಳ ಸ್ನೇಹವು ಇಲ್ಲಿ ಬರಿಯ ಸೌಜನ್ಯದ ಮಾತಲ್ಲ, ಔಷಧದಷ್ಟೇ ಅಗತ್ಯವಾದ ವಸ್ತು.

ಈ ಸಂಬಂಧವು ಹೇಗೆ ಹುಟ್ಟುವುದೆಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯು ಉತ್ತಮ ದೃಷ್ಟಾಂತವಾಗಿದೆ. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರ್ 4ರಂದು, ಆಕೆಯು 38 ಮಂದಿ ಸ್ತ್ರೀಯರೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಳು. ಸೇನೆಯ ವೈದ್ಯರಿಗೆ ಅವರ ಬರವು ಹಿತವಾಗಲಿಲ್ಲ. ಆಕೆಗೆ ಸರಕಾರದ ಅಧಿಕಾರಪತ್ರವಿದ್ದಿತು. ಅದನ್ನು ಮುಂದೊಡ್ಡಿ ಜಗಳವಾಡಬಹುದಾಗಿತ್ತು. ಹಾಗೆ ಮಾಡದೆ, ವೈದ್ಯರು ತಾವಾಗಿ ಕರೆಯುವವರೆಗೆ ಯಾರೂ ರೋಗಿಗಳ ಬಳಿಗೆ ಹೋಗಕೂಡದೆಂದು ತನ್ನವರನ್ನು ತಡೆದಳು. ಕೆಲವೇ ದಿನಗಳಲ್ಲಿ ಗಾಯಾಳುಗಳು ಗುಂಪುಗುಂಪಾಗಿ ಬಂದಿಳಿಯಲು ವೈದ್ಯರು ತಾವೇ ನೆರವನ್ನು ಬೇಡಿದರು. ಆಕೆಯು ಮೊದಲು ವಿಶ್ವಾಸವನ್ನು ಗಳಿಸಿದಳು, ಅನಂತರ ಸುಧಾರಣೆಗೆ ಕೈಹಾಕಿದಳು.

ಈಚಿನ ಕಾಲದ ಸಾಕ್ಷಿಯೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ ಒಂದು ತಪಶೀಲು ಪಟ್ಟಿಯನ್ನು ಹೊರಡಿಸಿತು. ಚರ್ಮವನ್ನು ಕೊಯ್ಯುವ ಮುನ್ನ ಕೋಣೆಯಲ್ಲಿರುವವರೆಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬುದು ಅದರಲ್ಲಿ ಒಂದು ವಿಧಿ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಲಾಗಿ, ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಇದು ಹೆಸರು ಹೇಳಿದುದರ ಫಲವೊಂದೇ ಅಲ್ಲ. ಪಟ್ಟಿಯಲ್ಲಿ ಬೇರೆ ಅಂಶಗಳೂ ಇದ್ದುವು. ಆದರೂ ಹೆಸರು ಹಿಡಿದು ಕರೆಯಬಲ್ಲವನನ್ನು ಎಚ್ಚರಿಸುವುದು ಸುಲಭವೆಂಬುದನ್ನು ಯಾರು ಅಲ್ಲಗಳೆಯಬಲ್ಲರು?

ಇಲ್ಲಿ ಒಂದು ಆಕ್ಷೇಪವು ಏಳುವುದು. “ಹಿರಿಯರ ಮುಂದೆ ತಲೆಬಾಗಬೇಕು, ಎದುರುಮಾತು ಆಡಬಾರದು ಎಂದಲ್ಲವೇ ಮಕ್ಕಳಿಗೆ ಕಲಿಸಿದ್ದು? ಈಗ ದೊಡ್ಡ ವೈದ್ಯರನ್ನು ತಡೆದು ಕೇಳೆಂದರೆ ಆ ಶಿಕ್ಷಣವು ಏನಾಯಿತು?” ಎಂದು ಹೆತ್ತವರು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ಆದರೆ ವಿನಯವೇ ಬೇರೆ, ಮೌನವೇ ಬೇರೆ. ವಿನಯವು ಮಾತಿನ ರೀತಿಯನ್ನು ತಿದ್ದುತ್ತದೆ; ಮಾತನ್ನೇ ನುಂಗಿಬಿಡುವುದಿಲ್ಲ. ಗುರುವು ಕತ್ತಲೆಯಲ್ಲಿ ಬಾವಿಯ ಕಡೆಗೆ ನಡೆಯುತ್ತಿರಲು, “ಹೇಗೆ ಹೇಳಲಿ?” ಎಂದು ಸಂಕೋಚಪಟ್ಟು ನಿಂತ ಶಿಷ್ಯನನ್ನು ಯಾರಾದರೂ ವಿನೀತನೆನ್ನುವರೇ? ಅಮೆರಿಕೆಯ ವಿದುಷಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳನ್ನು ಶೋಧಿಸಿ 1996ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ. ಒಳ್ಳೆಯ ಒಕ್ಕಟ್ಟಿದ್ದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು. ಅವರು ಹೆಚ್ಚು ತಪ್ಪಿದರೆಂದಲ್ಲ. ತಪ್ಪನ್ನು ಮುಚ್ಚಿಡದೆ ಒಪ್ಪಿಕೊಳ್ಳುವ ಧೈರ್ಯವು ಅಲ್ಲಿದ್ದಿತೆಂದು ಆಕೆ ಅದರ ಅರ್ಥವನ್ನು ಬಿಡಿಸಿದರು.

ವಿನಯವನ್ನು ಬಿಡದೆ ಎಚ್ಚರಿಸುವ ಕ್ರಮವೂ ಇದೆ. ಅಮೆರಿಕೆಯ ಜಲಾಂತರ್ಗಾಮಿ ನೌಕೆಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಆ ಕ್ರಮದಲ್ಲಿ ನಾಲ್ಕು ಮೆಟ್ಟಲುಗಳು: ಈಗಿನ ಸ್ಥಿತಿ, ಹಿನ್ನೆಲೆ, ತನಗೆ ತೋರಿದ ಅಭಿಪ್ರಾಯ, ಆಗಬೇಕಾದ ಕಾರ್ಯ. “ಐದನೆಯ ಮಂಚದವರ ಉಸಿರು ನಿಮಿಷಕ್ಕೆ 18 ಇದ್ದುದು 30 ಆಗಿದೆ, ನಿನ್ನೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದೆ, ಸ್ಥಿತಿಯು ಕೆಡುತ್ತಿದೆಯೆಂದು ತೋರುತ್ತದೆ, ತಾವು ಈಗಲೇ ಬಂದು ನೋಡಬೇಕು.” ಈ ಮಾತಿನಲ್ಲಿ ಉದ್ಧಟತನವೆಲ್ಲಿದೆ? ಹೇಳಬೇಕಾದುದರಲ್ಲಿ ಬಿಟ್ಟುದು ಯಾವುದಿದೆ?

ಇನ್ನು ಸಂದರ್ಶನದ ಉತ್ತರವನ್ನು ಕಟ್ಟುವ ಬಗೆ. ಅದಕ್ಕೂ ನಾಲ್ಕು ಅಂಗಗಳು: ಪ್ರಸಂಗವೇನು, ತನ್ನ ಹೊಣೆಯೇನು, ತಾನು ಮಾಡಿದುದೇನು, ಫಲವೇನಾಯಿತು. ಆಸ್ಪತ್ರೆಯ ಅನುಭವವಿಲ್ಲದ ಹೊಸಬನು ಹೆದರಬೇಕಾದುದಿಲ್ಲ. ಜಾತ್ರೆಯ ಪಂಕ್ತಿಯಲ್ಲಿ ಬಡಿಸಿದ ಹುಡುಗನನ್ನೇ ಎಣಿಸಿಕೊಳ್ಳಿರಿ. ಸಾರು ಸಾಲದೆ ಬಂದಾಗ ಅವನು ಅಡಿಗೆಯವರ ಮೇಲೆ ಎಲ್ಲರೆದುರು ರೇಗಿದನು. ಆಮೇಲೆ ತಾನೇ ಹೋಗಿ ಕ್ಷಮೆ ಕೇಳಿ, ಅವರ ತೊಂದರೆಯನ್ನು ವಿಚಾರಿಸಿದನು. ಕುಳಿತವರ ಲೆಕ್ಕವು ಒಳಗೆ ತಿಳಿಯುತ್ತಿರಲಿಲ್ಲವೆಂದು ಗೊತ್ತಾಯಿತು. ಪ್ರತಿ ಪಂಕ್ತಿಗೂ ತಲೆಯೆಣಿಸಿ ಒಳಗೆ ಹೇಳುವಂತೆ ಒಬ್ಬನನ್ನು ಗೊತ್ತುಮಾಡಲು ಕೊರತೆಯು ನೀಗಿತು. ಇದರಲ್ಲಿ ತನ್ನ ತಪ್ಪಿನ ಒಪ್ಪಿಗೆಯಿದೆ, ಇನ್ನೊಬ್ಬನ ಕಷ್ಟದ ಅರಿವಿದೆ, ಫಲವೂ ಇದೆ. ಬಲ್ಲ ಪರೀಕ್ಷಕನಿಗೆ ಇಷ್ಟು ಸಾಕು.

ಎರಡು ಎಚ್ಚರಿಕೆಗಳು ಉಳಿದಿವೆ. ನಿದರ್ಶನವನ್ನು ಹೇಳುವಾಗ ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಬಿಟ್ಟುಕೊಡಕೂಡದು. ಗುಟ್ಟನ್ನು ಅಲ್ಲಿಯೇ ಹೊರಗೆಡಹಿದವನನ್ನು ಯಾರು ನಂಬುವರು? ಎರಡನೆಯದಾಗಿ, ನಡೆಯದ ಸಂಗತಿಯನ್ನು ಕಲ್ಪಿಸಬಾರದು. “ಆಗ ಅವರು ಏನೆಂದರು?” ಎಂಬ ಮರುಪ್ರಶ್ನೆಯು ಬಂದೊಡನೆ ಕಲ್ಪನೆಯ ಬಣ್ಣವು ಬಯಲಾಗುವುದು.

ಆದಕಾರಣ ಈ ಪ್ರಶ್ನೆಯ ಸಿದ್ಧತೆಯು ಸಂದರ್ಶನದ ಹಿಂದಿನ ರಾತ್ರಿ ಆಗತಕ್ಕುದಲ್ಲ. ವಿದ್ಯಾರ್ಥಿನಿಲಯದಲ್ಲಿ ಕಸ ಗುಡಿಸುವವನ ಹೆಸರನ್ನು ತಿಳಿದವನು, ತಪ್ಪಿದಾಗ ತಪ್ಪಿದೆನೆಂದವನು, ಹಿರಿಯರಿಗೆ ಕೈಮುಗಿದೂ ನಿಜವನ್ನು ನುಡಿದವನು ಆ ಉತ್ತರವನ್ನು ಆಗಲೇ ಬದುಕಿರುತ್ತಾನೆ. ಅಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಷ್ಟೇ ಉಳಿದಿರುತ್ತದೆ. ಮಠದ ಮಕ್ಕಳು ಅಂತಹ ಉತ್ತರವನ್ನು ಹೊತ್ತು ಆಸ್ಪತ್ರೆಯ ಬಾಗಿಲನ್ನು ಪ್ರವೇಶಿಸಲಿ; ಅವರ ಕೈಗೆ ಬಂದ ರೋಗಿಗಳು ಸುಖವಾಗಿ ಮನೆಗೆ ಮರಳಲಿ. ಶುಭಮಸ್ತು.