ಹಠವಲ್ಲ, ಕಾಯಿಲೆ
(ಸಿಡ್ನಿಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮೋರು ಇಬ್ಬರು ಸೇರಿದರೆ ಮೊದಲ ಮಾತು "ಊಟ ಆಯ್ತಾ?" ಎರಡನೇದು "ಯಾಕೆ ಇಷ್ಟು ಸೊರಗಿದ್ದೀಯ?", ಇಲ್ಲವಾದರೆ "ಸ್ವಲ್ಪ ದಪ್ಪ ಆದ ಹಾಗಿದೆಯಲ್ಲ!" ಪ್ರೀತಿಯಿಂದಲೇ ಕೇಳ್ತೀವಿ. ಆದರೆ ಈ ಮಾತುಗಳಿಗೇ ಹೆದರಿ ನೆಂಟರ ಮನೆಗೆ ಬರೋದು ಬಿಟ್ಟ ಮಕ್ಕಳೂ ಇದ್ದಾರೆ. ಅಂಥವರ ಚಿಕಿತ್ಸೆಗೇ ತಮ್ಮ ಬದುಕಿನ ದುಡಿಮೆಯನ್ನು ಮುಡಿಪಿಟ್ಟ ಒಬ್ಬ ಸೈಕಾಲಜಿಸ್ಟ್ ಇದೇ ಊರಿನಲ್ಲಿದ್ದಾರೆ. ಸಿಡ್ನಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಟೀಫನ್ ಟೊಯ್ಜ್. ಇವತ್ತು ಅವರ ಕೆಲಸದ ಬಗ್ಗೆ ಮಾತಾಡ್ತೀನಿ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಅನೊರೆಕ್ಸಿಯಾ ಅನ್ನೋ ಪದಕ್ಕೆ ಹಸಿವಿಲ್ಲದಿರುವುದು ಅಂತ ಅರ್ಥ. ಹೆಸರೇ ದಾರಿ ತಪ್ಪಿಸುತ್ತೆ. ಹಸಿವು ಇರುತ್ತೆ, ಅದಕ್ಕಿಂತ ದೊಡ್ಡದಾಗಿ ಊಟದ ಭಯ ಇರುತ್ತೆ. ನಾವು ಹಾವು ಕಂಡರೆ ಹಿಂದೆ ಸರಿಯುವ ಹಾಗೆ ಆ ಮಗು ತಟ್ಟೆಯಲ್ಲಿನ ತುಪ್ಪ ಕಂಡು ಹಿಂದೆ ಸರಿಯುತ್ತೆ. ದೇಹ ಬಡವಾದಂತೆ ಎದೆಬಡಿತ ನಿಧಾನವಾಗುತ್ತೆ, ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯುತ್ತೆ. ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದೂ ಇದೆ. ಹುಡುಗರಿಗೂ ಬರುತ್ತೆ. ಬುಲಿಮಿಯಾ ಅನ್ನೋ ಇನ್ನೊಂದರಲ್ಲಿ ತೂಕ ಮಾಮೂಲಾಗೇ ಇರಬಹುದು. ಹಾಗಾಗಿ ಒಂದೇ ಮನೆಯಲ್ಲಿದ್ದರೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗೋದಿಲ್ಲ.

ಟೊಯ್ಜ್ ಇಲ್ಲಿನವರಲ್ಲ, ನಮ್ಮ ಹಾಗೇ ವಲಸೆ ಬಂದವರು, ದಕ್ಷಿಣ ಆಫ್ರಿಕಾದಿಂದ. ಅವರ ಜೊತೆ ಕೆಲಸ ಮಾಡಿದ ಮನೋವೈದ್ಯ ಪೀಟರ್ ಬ್ಯೂಮಾಂಟ್ ಕೂಡ ಅಲ್ಲಿಂದಲೇ ಬಂದವರು. ಆ ಕಾಲದಲ್ಲಿ ಆಸ್ಪತ್ರೆಯ ಪದ್ಧತಿ ಹೆಚ್ಚುಕಡಿಮೆ ಜೈಲಿನ ಥರ. ರೋಗಿ ಹಾಸಿಗೆ ಬಿಟ್ಟು ಏಳುವಂತಿಲ್ಲ. ತೂಕ ಸ್ವಲ್ಪ ಸ್ವಲ್ಪ ಏರಿದಂತೆ ಒಂದೊಂದು ಸೌಲಭ್ಯ ಕೊಡೋದು. ಟೊಯ್ಜ್, ಬ್ಯೂಮಾಂಟ್ ಮತ್ತು ಜೊತೆಗಾರರು ಈ ಬಿಗಿ ಪದ್ಧತಿಯನ್ನು ಒಂದು ಸಡಿಲ ಪದ್ಧತಿಯ ಜೊತೆ ಹೋಲಿಸಿದರು. ಸಡಿಲ ಪದ್ಧತಿಯಲ್ಲಿ ವಾರಕ್ಕೆ ಇಷ್ಟು ತೂಕ ಏರಬೇಕು ಅಂತ ರೋಗಿಯ ಜೊತೆ ಒಪ್ಪಂದ, ಉಳಿದಂತೆ ಓಡಾಡಿಕೊಂಡಿರಬಹುದು. 1984ರಲ್ಲಿ ಫಲಿತಾಂಶ ಪ್ರಕಟವಾಯಿತು. ತೂಕ ಏರಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಅಷ್ಟು ದಿನ ಮಾಡಿದ ಬಿಗಿಯಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ! ನನ್ನ ಮಟ್ಟಿಗೆ ಅವರ ಕೆಲಸದಲ್ಲೆಲ್ಲ ಇದೇ ದೊಡ್ಡದು.

ಸುಮಾರು ಮೂವತ್ತು ವರ್ಷದ ಮೇಲೆ, 2013ರಲ್ಲಿ, ಇನ್ನೊಂದು ಅಧ್ಯಯನ ಬಂತು. ಕನಿಷ್ಠ 7 ವರ್ಷ ಈ ಕಾಯಿಲೆ ಅನುಭವಿಸಿದ 63 ಜನ, ಸಿಡ್ನಿ ಮತ್ತು ಲಂಡನ್‌ನವರು. ಇಂಥವರನ್ನು "ಇವರಿಗೆ ವಾಸಿಯಾಗುವ ಮನಸ್ಸೇ ಇಲ್ಲ" ಅಂತ ಕೈಬಿಡೋದು ಸಾಮಾನ್ಯವಾಗಿತ್ತು. ಟೊಯ್ಜ್ ತಂಡ ಗುರಿಯನ್ನೇ ಬದಲಿಸಿತು. ತೂಕ ಏರಿಸಲೇಬೇಕು ಅನ್ನೋದನ್ನು ಮೊದಲ ಗುರಿಯಾಗಿ ಇಡಲಿಲ್ಲ. ಇವರ ದಿನ ಹೇಗೆ ಹೋಗ್ತಿದೆ, ನಾಲ್ಕು ಜನರ ಜೊತೆ ಬೆರೆಯಲು ಆಗ್ತಿದೆಯಾ ಅಂತ ಕೇಳಿತು. 8 ತಿಂಗಳಲ್ಲಿ 30 ಭೇಟಿ. ಎರಡು ಬಗೆಯ ಚಿಕಿತ್ಸೆ ಹೋಲಿಸಿದರು, ಎರಡರಲ್ಲೂ ಜನ ಸುಧಾರಿಸಿದರು. ನಡುವೆ ಬಿಟ್ಟು ಹೋದವರು ಕಡಿಮೆ. ಈ ಕಾಯಿಲೆಯಲ್ಲಿ ಅದು ಸಣ್ಣ ಮಾತಲ್ಲ.

ಇದು ದೊಡ್ಡವರ ಕಥೆ. ಮಕ್ಕಳ ವಿಷಯಕ್ಕೆ ಬಂದರೆ ಮೆಲ್ಬರ್ನ್‌ಗೆ ಹೋಗಬೇಕು. ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಹಾಸ್ಪಿಟಲ್‌ನಲ್ಲಿ ಡೇನಿಯಲ್ ಲೆ ಗ್ರಾಂಜ್ ಮತ್ತು ಜೊತೆಗಾರರು 107 ಹರೆಯದ ಮಕ್ಕಳ ಕುಟುಂಬಗಳ ಮೇಲೆ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. (ಇವರೂ ದಕ್ಷಿಣ ಆಫ್ರಿಕಾದವರೇ, ಏನು ಕಾಕತಾಳೀಯವೋ!) ಹಿಂದೆಲ್ಲ "ತಾಯಿಯಿಂದಲೇ ಹೀಗಾಯ್ತು" ಅಂತ ಮನೆಯವರನ್ನು ದೂರ ಇಡ್ತಿದ್ದರು. ಲಂಡನ್‌ನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಈ ಕುಟುಂಬ ಚಿಕಿತ್ಸೆ ಅದನ್ನು ತಿರುಗಿಸಿತು. ಮಗುವಿಗೆ ಊಟ ಮಾಡಿಸುವ ಹೊಣೆ ಅಪ್ಪ-ಅಮ್ಮನದೇ, ಡಾಕ್ಟರು ಬೆಂಬಲಕ್ಕೆ. ಒಂದು ಗುಂಪಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಬಂದರು. ಇನ್ನೊಂದರಲ್ಲಿ ತಂದೆ-ತಾಯಿ ಮಾತ್ರ ಥೆರಪಿಸ್ಟ್ ಹತ್ತಿರ, ಮಗುವನ್ನು ನರ್ಸ್ ನೋಡಿಕೊಂಡರು. ಚಿಕಿತ್ಸೆ ಮುಗಿದಾಗ ಗುಣವಾದವರು ಮೊದಲ ಗುಂಪಿನಲ್ಲಿ ಶೇಕಡ 22, ಎರಡನೆಯದರಲ್ಲಿ 43. ಒಂದು ವರ್ಷದ ನಂತರ ಅಂಥ ಅಂತರ ಉಳಿದಿರಲಿಲ್ಲ, ಅದನ್ನೂ ಹೇಳಬೇಕು.

ಇಲ್ಲಿ ಯಾರಾದರೂ ಕೇಳಬಹುದು: ಬಿಗಿ ಬೇಡ ಅಂದಿರಿ, ಈಗ ಅಪ್ಪ-ಅಮ್ಮ ತಿನ್ನಿಸಬೇಕು ಅಂತೀರಿ, ಯಾವುದು ಸರಿ? ಎರಡೂ ಸರಿ. ಊಟ ಬಿಡುವಂತಿಲ್ಲ ಅನ್ನೋದರಲ್ಲಿ ರಾಜಿ ಇಲ್ಲ. ಆದರೆ ಬೈಗುಳ, ಆಣೆ, "ನನ್ನ ಹೊಟ್ಟೆ ಉರಿಸ್ತೀಯ" ಅನ್ನೋ ಮಾತು ಬೇಡ. ಕಾಯಿಲೆ ಬೇರೆ, ಮಗು ಬೇರೆ ಅಂತ ಇಟ್ಟುಕೊಂಡು ಪಕ್ಕದಲ್ಲಿ ಕೂರಬೇಕು, ಮೂರು ಹೊತ್ತೂ, ತಿಂಗಳುಗಟ್ಟಲೆ. ಶಿಫ್ಟ್‌ನಲ್ಲಿ ದುಡಿಯುವ ನಮ್ಮಂಥವರಿಗೆ ಇದು ಸುಲಭವಲ್ಲ. ರಜೆ ಬೇಕಾಗುತ್ತೆ, ಗಂಡ-ಹೆಂಡತಿ ಒಂದೇ ಮಾತಾಡಬೇಕಾಗುತ್ತೆ.

ನಮ್ಮ ಮನೆಗಳಲ್ಲಿ ಈ ಕಾಯಿಲೆಗೆ ಮರೆ ಬೇರೆ ಜಾಸ್ತಿ. ಏಕಾದಶಿ ಉಪವಾಸ ಅಂದರೆ ಅಜ್ಜಿಗೆ ಖುಷಿ. ಅನ್ನ ಬಿಟ್ಟೆ ಅಂದರೆ "ಒಳ್ಳೇದು, ಮುಂದೆ ಶುಗರ್ ಬರಲ್ಲ". ಎಚ್‌ಎಸ್‌ಸಿ, ವಿಸಿಇ ವರ್ಷವಾದರೆ "ಪರೀಕ್ಷೆ ಟೆನ್ಷನ್". ಮಗು ತಲೆ ತಿರುಗಿ ಬಿದ್ದರೆ, ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡರೆ, ಊಟವಾದ ಕೂಡಲೇ ಬಚ್ಚಲುಮನೆ ಸೇರಿಕೊಂಡರೆ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.

ಮೊದಲು ಜಿಪಿ ಹತ್ತಿರ ಹೋಗಿ. 2019ರ ನವೆಂಬರ್‌ನಿಂದ ಮೆಡಿಕೇರ್‌ನಲ್ಲಿ ಇದಕ್ಕೇ ಬೇರೆ ಪ್ಲಾನ್ ಇದೆ. ಅರ್ಹರಾದವರಿಗೆ 12 ತಿಂಗಳಲ್ಲಿ 40ರವರೆಗೆ ಮಾನಸಿಕ ಚಿಕಿತ್ಸೆಯ ಭೇಟಿ, 20ರವರೆಗೆ ಡಯಟೀಷಿಯನ್ ಭೇಟಿಗೆ ರಿಬೇಟ್ ಸಿಗುತ್ತೆ. ತಾತ್ಕಾಲಿಕ ವೀಸಾದಲ್ಲಿರುವ ನಮ್ಮ ಹೆಚ್ಚಿನ ಗೆಳೆಯರಿಗೆ ಮೆಡಿಕೇರ್ ಇಲ್ಲ. ನಿಮ್ಮ ವಿಮೆಯಲ್ಲಿ ಮಾನಸಿಕ ಚಿಕಿತ್ಸೆಗೆ ಎಷ್ಟು ಕೊಡ್ತಾರೆ ಅಂತ ಈ ವಾರವೇ ಓದಿ ನೋಡಿ, ಬೇಕಾದಾಗ ಓದಲು ಪುರಸೊತ್ತಿರೋದಿಲ್ಲ. ಬಟರ್‌ಫ್ಲೈ ಫೌಂಡೇಷನ್‌ನ ಸಹಾಯವಾಣಿ 1800 33 4673, ಮನೆಯವರೂ ಕರೆ ಮಾಡಬಹುದು. ಊರಿಂದ ಬಂದ ಅಜ್ಜಿ-ತಾತನಿಗೂ ಡಾಕ್ಟರ ಮಾತು ಅರ್ಥವಾಗಬೇಕಾದರೆ ದುಭಾಷಿ ಸೇವೆ 131 450ರಲ್ಲಿ ಕನ್ನಡದವರನ್ನು ಕೇಳಿ.

ಪ್ರಶ್ನೆಗಳಿದ್ದರೆ ಈಗಲೇ ಕೇಳಬಹುದು. ಎಲ್ಲರ ಮುಂದೆ ಬೇಡ ಅನ್ನಿಸಿದರೆ ಕಾಫಿ ಹೊತ್ತಿಗೆ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿರ್ತೀನಿ.